ಯೋನನ ಒಂದು ವಚನ ಹಿಡಿದು ಹೀಬ್ರೂ ಓದಿದ ಕ್ರಮ

ಬೈಬಲ್ಲಿನ ಹೀಬ್ರೂ ಕಲಿಯುವವರು ಸಾಮಾನ್ಯವಾಗಿ ಆದಿಕಾಂಡದ ಮೊದಲ ಅಧ್ಯಾಯದಿಂದ ಶುರು ಮಾಡುತ್ತಾರೆ. ನಾನು ಹಿಡಿದದ್ದು ಯೋನನ ಪುಸ್ತಕ. ನಾಲ್ಕೇ ಅಧ್ಯಾಯ, 48 ವಚನ, ಹೆಚ್ಚಿನದು ನೇರವಾದ ಗದ್ಯ. ಎರಡನೇ ಅಧ್ಯಾಯದ ಪ್ರಾರ್ಥನೆ ಮಾತ್ರ ಪದ್ಯ, ಮೊದಲ ಓದಿಗೆ ಅದನ್ನು ಬಿಟ್ಟು ಮುಂದೆ ಹೋಗಬಹುದು. ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೊಮ್ ಕಿಪ್ಪುರ್‌ನಲ್ಲಿ ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಇಡೀ ಪುಸ್ತಕವನ್ನು ಓದುವ ಪದ್ಧತಿ ಇರುವುದರಿಂದ ವ್ಯಾಖ್ಯಾನಗಳಿಗೆ ಕೊರತೆಯಿಲ್ಲ. ಅದರಲ್ಲೂ 1:3, ಯೋನ ಯಾಫೋ ಬಂದರಿಗೆ ಇಳಿದು ತಾರ್ಷೀಷಿಗೆ ಹೋಗುವ ಹಡಗು ಹತ್ತುವ ವಚನ, ಒಂದನ್ನೇ ಬಿಡಿಸಿದರೆ ವ್ಯಾಕರಣದ ದೊಡ್ಡ ಪಾಲು ಕೈಗೆ ಬರುತ್ತದೆ.

ಅಕ್ಷರ 22, ಐದಕ್ಕೆ ಪದದ ಕೊನೆಯಲ್ಲಿ ಬೇರೆ ರೂಪ. ಇದು ಕಷ್ಟವಲ್ಲ. ಕಾಡುವುದು ಜೋಡಿಗಳು: ಬೇತ್-ಕಾಫ್, ದಾಲೆತ್-ರೇಶ್, ಹೇ-ಖೇತ್, ಕೊನೆಯ ಮೇಮ್-ಸಾಮೆಖ್. ಜೋಡಿಯನ್ನು ಪಕ್ಕಪಕ್ಕದಲ್ಲಿ ಬರೆದೇ ಅಭ್ಯಾಸ ಮಾಡಬೇಕು, ಬಿಡಿಬಿಡಿಯಾಗಿ ಬರೆದರೆ ವ್ಯತ್ಯಾಸ ಕಣ್ಣಿಗೆ ನಿಲ್ಲುವುದಿಲ್ಲ. ಸ್ವರಚಿಹ್ನೆಗಳು, ಅಂದರೆ ನಿಕ್ಕುದ್, ಕಾಗುಣಿತ ಬಲ್ಲವರಿಗೆ ಬೇಗ ಒಗ್ಗುತ್ತವೆ. ಅಕ್ಷರದೊಳಗಿನ ಚುಕ್ಕೆ, ದಾಗೇಶ್, ಎಷ್ಟೋ ಕಡೆ ನಮ್ಮ ಒತ್ತಕ್ಷರದ ಕೆಲಸ ಮಾಡುತ್ತದೆ. ಇದು ಇಂಗ್ಲಿಷಿನ ಮೂಲಕ ಕಲಿಯುವವರಿಗೆ ಇಲ್ಲದ ಅನುಕೂಲ, ಬಿಟ್ಟುಕೊಡಬೇಡಿ.

ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸವನ್ನು ಮಾತ್ರ ಅಕ್ಷರ ಕಲಿತ ಕೂಡಲೇ ನಿಲ್ಲಿಸಬೇಕು. ‘ಕಾರಾ’ ಎಂದು ಬರೆದರೆ ಅದು ಕರೆದನು, ಸಂಭವಿಸಿತು, ಅಗೆದನು, ಹರಿದನು ಈ ನಾಲ್ಕರಲ್ಲಿ ಯಾವುದೂ ಆಗಬಹುದು. ಹೀಬ್ರೂನಲ್ಲಿ ನಾಲ್ಕಕ್ಕೂ ಬೇರೆ ಬೇರೆ ಕಾಗುಣಿತವಿದೆ. ಕೂಫ್ ಮತ್ತು ಕಾಫ್, ಆಲೆಫ್ ಮತ್ತು ಆಯಿನ್ ನಮ್ಮ ಲಿಪಿಯಲ್ಲಿ ಒಂದೇ ಆಗಿಬಿಡುತ್ತವೆ, ಆಮೇಲೆ ನಿಘಂಟಿನಲ್ಲಿ ಹುಡುಕಲು ದಾರಿಯೇ ಇರುವುದಿಲ್ಲ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದು ಬರೀ ಓದಿನ ಅನುಕೂಲಕ್ಕೆ.

ಈಗ ವಚನಕ್ಕೆ. ಮೊದಲ ಪದ ‘ವಯ್ಯಾಕೊಮ್’, ಎದ್ದನು. ಪದದ ಆರಂಭದ ‘ವ’ ತೆಗೆಯಿರಿ, ‘ಅವನು’ ಎಂದು ಹೇಳುವ ಯೋದ್ ತೆಗೆಯಿರಿ, ಉಳಿಯುವುದು ಎರಡೇ ಅಕ್ಷರ: ಕೂಫ್, ಮೇಮ್. ಧಾತುವಿಗೆ ಮೂರು ಬೇಕು. ಕಳೆದುಹೋದ ಮೂರನೆಯದು ಯಾವುದೆಂದು ಯೋದ್ ಕೆಳಗಿನ ಸ್ವರ ಹೇಳುತ್ತದೆ. ಅಲ್ಲಿ ದೀರ್ಘ ಆ ಇದ್ದರೆ ಸಾಮಾನ್ಯವಾಗಿ ನಡುವಿನ ಅಕ್ಷರ ಹೋಗಿದೆ: ಧಾತು ‘ಕೂಮ್’. ಅದೇ ವಚನದ ‘ವಯ್ಯೇರೆದ್’, ಇಳಿದನು: ಏ ಇದ್ದರೆ ಮೊದಲ ಯೋದ್ ಹೋಗಿದೆ, ಧಾತು ಯ-ರ-ದ. ‘ವಯ್ಯಿತ್ತೇನ್’, ಕೊಟ್ಟನು: ಯೋದ್ ಆದ ಮೇಲಿನ ಅಕ್ಷರ ಒತ್ತಾಗಿದ್ದರೆ ಮೊದಲಿದ್ದ ನೂನ್ ಆ ಒತ್ತಿನೊಳಗೆ ಸೇರಿಕೊಂಡಿದೆ, ಧಾತು ನ-ತ-ನ. ‘ವಯ್ಯಿಮ್ತ್ಸಾ’, ಕಂಡುಕೊಂಡನು: ಮೂರೂ ಇವೆ, ಕೊನೆಯ ಆಲೆಫ್‌ಗೆ ಸದ್ದಿಲ್ಲ ಅಷ್ಟೆ. ಕೊನೆಯ ಹೇ ಬಿದ್ದುಹೋಗುವ ಧಾತು ಬೇಕೆಂದರೆ ಪುಸ್ತಕದ ಮೊದಲ ಪದ ‘ವಯ್ಹಿ’ ಇದೆ.

ಧಾತು ಹಿಡಿಯುವುದಕ್ಕೆ ಇಷ್ಟು ಒತ್ತು ಕೊಡಲು ಕಾರಣ, 1906ರ ಬ್ರೌನ್-ಡ್ರೈವರ್-ಬ್ರಿಗ್ಸ್ ನಿಘಂಟು ಧಾತುವಿನ ಕ್ರಮದಲ್ಲಿದೆ. ‘ಮಿದ್ಬಾರ್’, ಅಂದರೆ ಅಡವಿ, ಮೇಮ್ ಕೆಳಗೆ ಸಿಗುವುದಿಲ್ಲ. ದ-ಬ-ರ ಕೆಳಗೆ ಇದೆ. ಯಹೂದಿ ಗ್ರಂಥಗಳ ಜಾಲತಾಣ ಸೆಫಾರಿಯಾದಲ್ಲಿ ಪದವನ್ನು ಒತ್ತಿದರೆ ನಿಘಂಟು ತಾನಾಗಿಯೇ ತೆರೆಯುತ್ತದೆ. ಒಳ್ಳೆಯ ಸೌಲಭ್ಯ, ಆದರೆ ನಿಮ್ಮ ಊಹೆಯನ್ನು ಕಾಗದದ ಮೇಲೆ ಬರೆದ ಮೇಲೆ ಒತ್ತಿ. ಇಲ್ಲದಿದ್ದರೆ ಬೆರಳು ಕಲಿಯುತ್ತದೆ, ತಲೆ ಕಲಿಯುವುದಿಲ್ಲ. ದಿನಕ್ಕೆ ಎರಡು-ಮೂರು ವಚನ ಸಾಕು. ಮರುದಿನ ನಿನ್ನೆಯ ವಚನವನ್ನು ಟಿಪ್ಪಣಿ ನೋಡದೆ ಗಟ್ಟಿಯಾಗಿ ಓದಿ, ನಂತರ ಹೊಸದು.

ಗಟ್ಟಿಯಾಗಿ ಓದುವಾಗ ಈ ವಚನದಲ್ಲಿ ಮೂರು ಕಡೆ ಎಡವುತ್ತೇವೆ. ‘ವಯ್ಯಾಕೊಮ್’ ಕೊನೆಯಲ್ಲಿ ಬರೆದಿರುವುದು ‘ಆ’ ಚಿಹ್ನೆ, ಓದುವುದು ‘ಒ’: ಒತ್ತಿಹೇಳದ, ವ್ಯಂಜನದಿಂದ ಮುಚ್ಚಿದ ಭಾಗದಲ್ಲಿ ‘ಆ’ ಚಿಹ್ನೆಗೆ ‘ಒ’ ಉಚ್ಚಾರ. ‘ಲಿವ್ರೋಅಖ್’, ಓಡಿಹೋಗಲು: ಕೊನೆಯ ಖೇತ್ ಕೆಳಗಿನ ‘ಅ’ ಆ ಖೇತ್‌ಗಿಂತ ಮೊದಲು ಬರುತ್ತದೆ. ದೇವರ ನಾಲ್ಕಕ್ಷರದ ಹೆಸರನ್ನು ಬರೆದಂತೆ ಓದದೆ ‘ಅದೋನಾಯ್’ ಎನ್ನುತ್ತಾರೆ.

ಪದದ ಕೊನೆಯ ಹೇ ಅಕ್ಷರವನ್ನು ನಿಧಾನವಾಗಿ ನೋಡಿ. ‘ತರ್ಶೀಶಾ’ ಎಂಬಲ್ಲಿ ಅದು ದಿಕ್ಕು, ತಾರ್ಷೀಷಿನ ಕಡೆಗೆ. ‘ಬಾಆ’ ಎಂಬಲ್ಲಿ ಸ್ತ್ರೀಲಿಂಗ, ಏಕೆಂದರೆ ಹಡಗು ಹೀಬ್ರೂನಲ್ಲಿ ಸ್ತ್ರೀಲಿಂಗ. ‘ಸೆಖಾರಾಹ್’ ಎಂಬಲ್ಲಿ ಹೇ ಒಳಗೆ ಚುಕ್ಕೆ ಇದೆ, ಅರ್ಥ ‘ಅವಳ ಬಾಡಿಗೆ’, ಅಂದರೆ ಹಡಗಿನದು. ಈ ಚುಕ್ಕೆಗೆ ಮಪ್ಪೀಕ್ ಎಂದು ಹೆಸರು. ಸಣ್ಣ ಅಚ್ಚಿನ ಪ್ರತಿಯಲ್ಲಿ ಕಾಣಿಸುವುದೇ ಇಲ್ಲ, ಆದ್ದರಿಂದ ದೊಡ್ಡ ಅಚ್ಚಿನ ತನಖ್, ಅಂದರೆ ಹೀಬ್ರೂ ಬೈಬಲ್, ಕೊಳ್ಳಿ.

ಸ್ವರಾಘಾತದ ಗುರುತುಗಳನ್ನು ಹಾಡುವವರಿಗೆ ಬಿಟ್ಟದ್ದು ಎಂದುಕೊಳ್ಳಬೇಡಿ. ‘ಬಾಆ’ದಲ್ಲಿ ಗುರುತು ಆಲೆಫ್ ಮೇಲಿದ್ದರೆ ‘ಹೋಗುತ್ತಿರುವ’, ಬೇತ್ ಮೇಲಿದ್ದರೆ ‘ಬಂದಳು’. ಯೋನದಲ್ಲಿ ಆಲೆಫ್ ಮೇಲಿದೆ. ಆದಿಕಾಂಡ 29ರಲ್ಲಿ ರಾಹೇಲಳು ಕುರಿಗಳೊಂದಿಗೆ ಬರುವಲ್ಲಿ ಈ ಎರಡೂ ಬಗೆಯಿವೆ, ವ್ಯಾಖ್ಯಾನಕಾರ ರಾಶಿ ಅದನ್ನು 6ನೇ ವಚನದಲ್ಲೇ ತೋರಿಸುತ್ತಾರೆ. ವಚನವನ್ನು ಎರಡಾಗಿ ಒಡೆಯುವ ಗುರುತು ಎತ್ನಖ್ತಾ. ಮೊದಲು ಅದನ್ನು ಹುಡುಕಿ, ಉದ್ದದ ವಚನದ ಹೆದರಿಕೆ ಅರ್ಧ ಇಳಿಯುತ್ತದೆ.

ಹತ್ತಿಪ್ಪತ್ತು ವಚನ ಆದ ಮೇಲೆ ರಾಶಿಗೆ ಹೋಗಬಹುದು. ರಾಶಿ ಅಂದರೆ ಫ್ರಾನ್ಸಿನ ತ್ರ್ವಾ ಪಟ್ಟಣದ ರಬ್ಬಿ ಶ್ಲೋಮೋ ಯಿತ್ಸ್‌ಖಾಕಿ, 1040ರಿಂದ 1105. ಅವರ ವ್ಯಾಖ್ಯಾನ ಅಚ್ಚಾಗುವ ಲಿಪಿಯನ್ನು ‘ರಾಶಿ ಲಿಪಿ’ ಎನ್ನುತ್ತಾರೆ, ಅವರು ಬರೆದದ್ದು ಅದರಲ್ಲಲ್ಲ. ಮುದ್ರಕರು ಬಳಕೆಗೆ ತಂದದ್ದು. ನಿಕ್ಕುದ್ ಇರುವುದಿಲ್ಲ, ಆದ್ದರಿಂದ ಮೂಲ ವಚನ ಬಾಯಲ್ಲಿರಬೇಕು. ಪ್ರತಿ ಟಿಪ್ಪಣಿಯ ತಲೆಯಲ್ಲಿ ವಚನದ ಒಂದೆರಡು ಪದ ಇರುತ್ತವೆ. ಅಲ್ಲೇ ನಿಂತು, ಇಲ್ಲಿ ಏನು ಸರಿಹೊಂದುತ್ತಿಲ್ಲ ಎಂದು ಬರೆದುಕೊಂಡು ಮುಂದೆ ಓದಬೇಕು. ‘ಬಾಡಿಗೆ ಕೊಟ್ಟನು’ ಎಂಬಲ್ಲಿ ರಾಶಿ ಹೇಳುವುದು: ಕಡಲ ಪಯಣಿಗರು ಬಾಡಿಗೆ ಕೊಡುವುದು ಇಳಿಯುವಾಗ, ಯೋನ ಮೊದಲೇ ಕೊಟ್ಟ. ಅಂದರೆ ಅವರ ಕಣ್ಣು ಕ್ರಿಯಾಪದಗಳ ಸರದಿಯ ಮೇಲಿದೆ: ‘ಕೊಟ್ಟನು’ ಆದ ಮೇಲೆ ‘ಒಳಗೆ ಇಳಿದನು’ ಬಂದಿದೆ.

ಮಪ್ಪೀಕ್ ಹಿಡಿದದ್ದು ತಾಲ್ಮೂದ್, ಅಂದರೆ ಯಹೂದಿ ರಬ್ಬಿಗಳ ಚರ್ಚೆಗಳ ಪ್ರಾಚೀನ ಸಂಗ್ರಹ. ಅದರ ನೆದಾರೀಮ್ ಭಾಗದ 38ನೇ ಹಾಳೆಯ ಮೊದಲ ಪುಟದಲ್ಲಿ ರಬ್ಬಿ ಯೋಖಾನಾನ್ ಹೇಳುತ್ತಾರೆ, ಕೊಟ್ಟದ್ದು ತನ್ನೊಬ್ಬನದಲ್ಲ, ಇಡೀ ಹಡಗಿನ ಬಾಡಿಗೆ. ರಬ್ಬಿ ರೋಮಾನುಸ್ ಮೊತ್ತವನ್ನೂ ಹೇಳುತ್ತಾರೆ: 4,000 ಚಿನ್ನದ ದೀನಾರ್. ಪ್ರವಾದಿಗಳು ಶ್ರೀಮಂತರಾಗಿದ್ದರು ಎಂದು ತೋರಿಸುವ ಚರ್ಚೆಯದು. ರೋಮಾನುಸ್ ಅವರ ಆ ವಾಕ್ಯ ಅರಾಮಾಯಿಕ್ ಭಾಷೆಯದು. ಪದದ ಆರಂಭಕ್ಕೆ ಅಂಟುವ ‘ದ’ ಮತ್ತು ಹೆಸರುಗಳ ಕೊನೆಯ ‘ಆ’ ಕಂಡರೆ ಭಾಷೆ ಬದಲಾಗಿದೆ ಎಂದು ತಿಳಿಯಿರಿ, ನಿಘಂಟನ್ನೂ ಬದಲಿಸಿ ಯಾಸ್ಟ್ರೋ ತೆಗೆಯಿರಿ. ನೆದಾರೀಮ್‌ನಲ್ಲಿ ‘ರಾಶಿ’ ಎಂದು ಅಚ್ಚಾಗಿರುವ ವ್ಯಾಖ್ಯಾನ ರಾಶಿಯವರದಲ್ಲ ಎಂಬುದು ಪಂಡಿತರ ಅಭಿಪ್ರಾಯ. ಅಲ್ಲಿ ಗಿರೋನಾದ ರಬ್ಬಿ ನಿಸ್ಸೀಮ್, ಅಂದರೆ ‘ರಾನ್’, ಓದುವುದು ರೂಢಿ.

ಎರಡು ಸಣ್ಣ ತೊಡಕು ಉಳಿದವು. ಹೀಬ್ರೂ ಪ್ರತಿಯಲ್ಲಿ ಮೀನು ಬರುವುದು 2:1ರಲ್ಲಿ, ಕನ್ನಡ ಸತ್ಯವೇದದಲ್ಲಿ ಅದು 1:17. ಎರಡನೇ ಅಧ್ಯಾಯ ಪೂರ್ತಿ ಒಂದು ಸಂಖ್ಯೆ ಹಿಂದೆ-ಮುಂದೆ ಆಗುತ್ತದೆ. ಕಂಪ್ಯೂಟರಿನಲ್ಲಿ ಟಿಪ್ಪಣಿ ಬರೆಯುವಾಗ ಕನ್ನಡ ಸಾಲಿನ ನಡುವೆ ಹೀಬ್ರೂ ಹಾಕಿದರೆ ಆವರಣ, ಪೂರ್ಣವಿರಾಮಗಳು ಜಾಗ ಬದಲಿಸುತ್ತವೆ. ಹೀಬ್ರೂ ಸಾಲನ್ನು ಪ್ರತ್ಯೇಕ ಪ್ಯಾರಾ ಮಾಡಿ, ದಿಕ್ಕನ್ನು ಬಲದಿಂದ ಎಡಕ್ಕೆ ಇಟ್ಟು, ಕನ್ನಡವನ್ನು ಅದರ ಕೆಳಗೆ ಬರೆಯಿರಿ.