ಗಜನಿಯ ಹಲಗೆ ಹಿಡಿದು ಕಥೆ ಕಲಿಸಿದ್ದು

ಕಥೆಯ ಸಂಕೇತ, ಆವರಣ (ಕಥೆ ನಡೆಯುವ ಊರು, ಹೊತ್ತು), ಸಂಘರ್ಷ ಮೂರನ್ನೂ ಒಂಬತ್ತನೇ ತರಗತಿಗೆ ನಾಲ್ಕು ಪೀರಿಯಡ್‌ನಲ್ಲಿ ಕಲಿಸಬಹುದು, ಅದೂ ಅವುಗಳ ಲಕ್ಷಣ (ವ್ಯಾಖ್ಯೆ) ಬರೆಸದೆ. ‘ಪೋರ್ಷನ್ ಮುಗಿಯೋದಿಲ್ಲ ಮಾರಾಯ್ರೆ, ಪರೀಕ್ಷೆಗೆ ಮಕ್ಕಳು ಏನು ಬರೀತಾರೆ?’ ಎಂದವರೇ ಈ ವರ್ಷ ಕಥೆಯ ಝೆರಾಕ್ಸ್ ಕೇಳಿ ಒಯ್ದರು. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಕೆಟ್ಟದ್ದರ ಲೆಕ್ಕ. ಲಕ್ಷಣವನ್ನು ಬೋರ್ಡಿನ ಮೇಲೆ ಬರೆದು ಶುರುಮಾಡಿದ ವರ್ಷ ‘ಕತ್ತಲೆ ಅಂದರೆ ಅಜ್ಞಾನ, ಬೆಳಕು ಅಂದರೆ ಜ್ಞಾನ’ ಎಂಬ ಗೈಡಿನ ಸಾಲೇ ತಿರುಗಿ ಬಂತು. ಕಥೆಯಲ್ಲಿ ಕಾಗೆ ಕೂತರೆ ಸಾವು, ಮಳೆ ಬಂದರೆ ದುಃಖ. ಮರುವರ್ಷ ಬಣ್ಣದ ಚಿತ್ರಗಳಿಗೆ ಲ್ಯಾಮಿನೇಷನ್ ಮಾಡಿಸಿದೆ, ಆರುನೂರು ರೂಪಾಯಿ ಹೋಯಿತು. ಮಕ್ಕಳು ಚಿತ್ರ ನೋಡಿದರು, ಕಥೆ ಓದಲಿಲ್ಲ. ಆಮೇಲೆ ಟೆಂಪೋ ಮಾಡಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆಗೆ ಕರೆದೊಯ್ದದ್ದಕ್ಕೆ ಮೂರೂವರೆ ಸಾವಿರದ ಆಸುಪಾಸು ಖರ್ಚು. ಬಂದದ್ದು ನಲವತ್ತು ಪ್ರವಾಸ ಪ್ರಬಂಧ. ಈಗಿನ ಖರ್ಚು ಇಬ್ಬರಿಗೊಂದರಂತೆ ಎರಡು ಹಾಳೆಯ ಝೆರಾಕ್ಸ್, ನೂರು ರೂಪಾಯಿಯೊಳಗೆ.

ಕಥೆಯನ್ನು ಪಾಠಕ್ಕೆಂದೇ ಬರೆದುಕೊಂಡೆ, ಒಂಬೈನೂರು ಪದದ ಸುತ್ತಮುತ್ತ. ಕುಮಟೆ ಕಡೆಯ ಗಜನಿ (ಅಳಿವೆಯ ಉಪ್ಪುನೀರಿಗೆ ಕಟ್ಟೆ ಹಾಕಿ ಮಾಡಿದ ಗದ್ದೆ), ಕಗ್ಗ ಭತ್ತ ತೆನೆ ಹೊತ್ತು ನಿಂತಿದೆ, ಮಳೆ ಬಿಟ್ಟು ಎಂಟು ದಿನ. ಹುಣ್ಣಿಮೆಯ ಉಬ್ಬರ ಏರುವ ರಾತ್ರಿ. ಉಪ್ಪುನೀರು ತಡೆಯಲು ಕಟ್ಟೆಯ ಬಾಗಿಲಿಗೆ ಹಲಗೆ ಇಳಿಸುವ ಕೆಲಸ ಮೊದಲ ಸಲ ಹದಿನಾಲ್ಕರ ಹುಡುಗನ ಮೇಲೆ ಬಿದ್ದಿದೆ. ಚಿಕ್ಕಪ್ಪ ಗಜನಿಯಲ್ಲಿ ಸಿಗಡಿ ಬೆಳೆಸುವವರಿಂದ ಮುಂಗಡ ಹಣ ಹಿಡಿದವ, ಉಪ್ಪುನೀರು ಬೇಗ ಒಳಗೆ ಬರಲಿ ಎನ್ನುವವ. ಹುಡುಗ ಹೋಗಿ ನೋಡಿದರೆ ಹಲಗೆ ಆಗಲೇ ಸಡಿಲ. ಸಡಿಲ ಮಾಡಿದ್ದು ಅಪ್ಪ.

ಕಗ್ಗ ಉಪ್ಪು ತಡೆಯುವ ಭತ್ತ, ಹೌದು. ಆದರೆ ಮಳೆ ನಿಂತು ಸಿಹಿನೀರು ಕಡಿಮೆಯಾದ ಹಾಗೆ ನೀರಿನ ಉಪ್ಪು ಏರುತ್ತದೆ. ‘ಎಂಟು ದಿನ ಮಳೆ ಇಲ್ಲ’ ಎಂಬ ಸಾಲು ಕಥೆಯಲ್ಲಿ ಇರುವುದು ಅದಕ್ಕೆ. ಮೊದಲ ಪೀರಿಯಡ್ ಆವರಣಕ್ಕೆ, ಅಲ್ಲಿ ಸಂಕೇತ ಎಂಬ ಶಬ್ದವನ್ನೇ ಎತ್ತಬಾರದು. ಕಥೆಯನ್ನು ಅರ್ಧಕ್ಕೆ ಓದಿ ನಿಲ್ಲಿಸಿ, ನೀರಿನ ಮಾತು ಬಂದಲ್ಲೆಲ್ಲ ಗೆರೆ ಹಾಕಿಸುವುದು. ಹನ್ನೊಂದು ಕಡೆ ಸಿಗುತ್ತದೆ. ಪ್ರತಿ ಗೆರೆಯ ಎದುರು ಒಂದೇ ಪ್ರಶ್ನೆ: ಈ ನೀರು ಯಾರಿಗೆ ಏನು ಮಾಡಿತು? ‘ವಾತಾವರಣ ಸುಂದರವಾಗಿತ್ತು’ ಎಂದು ಬರೆದವರಿಂದ ಅದನ್ನು ಅಳಿಸಿಯೇ ಮುಂದೆ ಹೋಗಬೇಕು. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಆರು ತಾಸು, ಹುಡುಗನಿಗೆ ಇರುವ ಸಮಯವೂ ಅಷ್ಟೇ. ಕಡಲ ಕಡೆಯ ಮಕ್ಕಳು ಇದನ್ನು ತಾವೇ ಹೇಳುತ್ತಾರೆ, ನಾವು ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಇದೇ ಕಥೆಯನ್ನು ಶಿರಸಿಯ ಅಡಿಕೆ ತೋಟಕ್ಕೆ ಸಾಗಿಸಿ ಎಂದು ಒಮ್ಮೆ ಗುಂಪುಗಳಿಗೆ ಕೊಟ್ಟೆ. ಇದು ಪಾಠದೊಳಗಿನದಲ್ಲ, ಸುಮ್ಮನೆ ಮಾಡಿ ನೋಡಿದ್ದು. ಉಪ್ಪುನೀರು ಹೋಯಿತು, ಹಲಗೆ ಹಳ್ಳ ದಾಟುವ ಕಾಲುಸಂಕವಾಯಿತು, ಜಗಳಕ್ಕೆ ಕಾರಣವೇ ಉಳಿಯಲಿಲ್ಲ. ಒಂದು ಗುಂಪು ಮಾತ್ರ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ತಂದಿತು: ಮಳೆ ಬಿಡುವು ಕೊಟ್ಟ ಒಂದು ದಿನ, ಮೈಲುತುತ್ತ ಸುಣ್ಣ ಕಲಸಿದ ಮದ್ದು, ಮತ್ತು ಅದನ್ನು ಹೊಡೆಯಲು ತೋಟಕ್ಕೆ ಬಾರದ ಅಣ್ಣ. ಊರು ಬದಲಾದರೆ ಜಗಳವೂ ಬದಲಾಗುತ್ತದೆ ಎಂದು ಆ ಗುಂಪಿಗೆ ಹೇಳಿಕೊಡಬೇಕಾಗಲಿಲ್ಲ.

ಎರಡನೇ ಪೀರಿಯಡ್ ಸಂಘರ್ಷಕ್ಕೆ. ಒಳಗಿನದು, ಹೊರಗಿನದು ಎಂಬ ತಲೆಬರಹ ಬೇಡ. ‘ಅವನಿಗೆ ___ ಬೇಕು, ಆದರೆ ___’ ಎಂಬ ವಾಕ್ಯವನ್ನು ಎರಡು ಸಲ ತುಂಬಿಸಬೇಕು. ಎರಡನೆಯ ಸಲ ‘ಆದರೆ’ ಆದಮೇಲೆ ಬೇರೆ ಯಾರೂ ಬರಕೂಡದು, ಚಿಕ್ಕಪ್ಪನೂ ಇಲ್ಲ, ಅಪ್ಪನೂ ಇಲ್ಲ. ಜಾಣ ಮಕ್ಕಳು ಎಡವುವುದು ಇಲ್ಲೇ: ‘ಆದರೆ ಅವನಿಗೆ ಭಯ’ ಎಂದು ಬರೆಯುತ್ತಾರೆ. ಭಯ ಒಂದು ಭಾವನೆ, ಅಷ್ಟೇ. ಹಲಗೆ ಬಿಗಿದರೆ ಏನು ಕಳೆಯುತ್ತಾನೆ, ಬಿಟ್ಟರೆ ಏನು ಕಳೆಯುತ್ತಾನೆ ಎಂದು ಎರಡೂ ಕೇಳಿದಾಗ ‘ಬಿಗಿದರೆ ಅಪ್ಪನ ಮಾತು ಮೀರಿದ ಹಾಗೆ, ಬಿಟ್ಟರೆ ಅಪ್ಪ ಮಾಡಿದ್ದನ್ನು ತಾನೂ ಮಾಡಿದ ಹಾಗೆ’ ಎಂಬಂಥ ಉತ್ತರ ಹೊರಡುತ್ತದೆ. ಹುಡುಗ ದೊಡ್ಡವನಾಗುವುದು ಆ ವಾಕ್ಯದಲ್ಲಿ. ಬೆಳೆದು ದೊಡ್ಡವರಾಗುವ ಕಥೆ ಎಂದರೇನು ಎಂದು ಬೇರೆ ಹೇಳುವ ಅಗತ್ಯವೇ ಬೀಳುವುದಿಲ್ಲ.

ಮೂರನೆಯದು ಸಂಕೇತಕ್ಕೆ. ಹಲಗೆ ಐದು ಸಲ ಬರುತ್ತದೆ. ಎಲ್ಲಿ ಬಂತು, ಯಾರ ಕೈಯಲ್ಲಿತ್ತು, ಆಗ ಹುಡುಗನಿಗೆ ಏನು ಗೊತ್ತಿತ್ತು ಎಂದು ಮೂರು ಕಾಲಂ. ಕೊನೆಯ ಕಾಲಂ ಮೇಲಿಂದ ಕೆಳಗೆ ಬದಲಾಗುತ್ತ ಬಂದರೆ ಅದು ಸಂಕೇತ, ಬದಲಾಗದಿದ್ದರೆ ವಸ್ತು. ಲಾಟೀನು ಆರು ಸಲ ಬರುತ್ತದೆ, ಬೇಕೆಂದೇ ಇಟ್ಟದ್ದು. ಅದರ ಕಾಲಂ ಬದಲಾಗುವುದಿಲ್ಲ, ಆದರೂ ಅರ್ಧ ತರಗತಿ ‘ಬೆಳಕು, ಜ್ಞಾನ’ ಎಂದು ಅದಕ್ಕೇ ಜೋತುಬೀಳುತ್ತದೆ. ಆಗ ತೆಗೆದು ನೋಡಿಸಬೇಕು. ಲಾಟೀನಿನ ಬದಲು ಟಾರ್ಚ್ ಇಟ್ಟರೆ ಕಥೆಗೆ ಏನೂ ಆಗುವುದಿಲ್ಲ. ಹಲಗೆ ತೆಗೆದರೆ ಅಪ್ಪ ಮಾಡಿದ್ದು ಹುಡುಗನಿಗೆ ತಿಳಿಯುವ ದಾರಿಯೇ ಇಲ್ಲ. ಲಾಟೀನು ಇಡದ ಮೊದಲ ಪ್ರತಿಯಲ್ಲಿ ಈ ಪೀರಿಯಡ್ ಸೋತಿತ್ತು, ತಪ್ಪಲು ಜಾಗವಿಲ್ಲದೆ ಎಲ್ಲರೂ ‘ಹಲಗೆ’ ಎಂದು ಬರೆದು ಕೂತರು.

ನಾಲ್ಕನೆಯದು ಬರೆಯುವುದಕ್ಕೆ. ಮೊದಲೆಲ್ಲ ನಲವತ್ತರಲ್ಲಿ ಆರೇಳು ಮಂದಿ ತಮ್ಮ ಮಾತಿಗೆ ಆಧಾರವಾಗಿ ಕಥೆಯ ಸಾಲು ಎತ್ತಿ ಬರೆಯುತ್ತಿದ್ದರು, ಈ ಸಲ ಮೂವತ್ತರ ಹತ್ತಿರ. ಗೈಡಿನ ಸಾಲು ಒಂದೂ ಇರಲಿಲ್ಲ, ಅದು ನನಗೆ ದೊಡ್ಡ ಮಾತು. ಮಕ್ಕಳಿಗೆ ಕೊಡುವ ಪ್ರತಿಯಲ್ಲಿ ಕಥೆಯ ಕೊನೆಯ ಸಾಲು ಇರುವುದಿಲ್ಲ. ಹುಡುಗ ಹಲಗೆ ಬಿಗಿದನೋ ಬಿಟ್ಟನೋ ಅವರೇ ಬರೆಯಬೇಕು, ಕಥೆಯಿಂದ ಎರಡು ಸಾಲು ಎತ್ತಿ ತೋರಿಸಿದರೆ ಎರಡಕ್ಕೂ ಪೂರ್ಣ ಅಂಕ. ಗಜನಿ ಇರುವ ಮನೆಗಳ ಮಕ್ಕಳಲ್ಲಿ ಹೆಚ್ಚಿನವರು ಬಿಟ್ಟ ಎಂದೇ ಬರೆದಿದ್ದಾರೆ.