ರೈಲು ನಿಲ್ದಾಣದ ಸುತ್ತ ಬಡಾವಣೆ ಬೆಳೆಸುವ ಬಗೆ: ವೇಳಾಪಟ್ಟಿಯಿಂದ ಮಹಡಿಗಳವರೆಗೆ

ಉಪನಗರ ರೈಲು ನಿಲ್ದಾಣದ ಸುತ್ತಲಿನ ಬೆಳವಣಿಗೆಗೆ ಯೋಜನೆ ರೂಪಿಸಲು ಕುಳಿತಾಗ ನಗರಾಡಳಿತವಾಗಲಿ, ನಿವಾಸಿಗಳ ಸಂಘವಾಗಲಿ ಸಾಮಾನ್ಯವಾಗಿ ಮೊದಲು ಎತ್ತುವ ಪ್ರಶ್ನೆ, ಎಷ್ಟು ಮಹಡಿಗಳಿಗೆ ಅನುಮತಿ ಕೊಡಬೇಕು ಎಂಬುದು. ಚರ್ಚೆ ಅಲ್ಲಿಂದ ಶುರುವಾದರೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ: ಒಂದು ಗುಂಪು ಎತ್ತರ ಬೇಡವೆನ್ನುತ್ತದೆ, ಇನ್ನೊಂದು ಇನ್ನಷ್ಟು ಬೇಕೆನ್ನುತ್ತದೆ, ಆ ಕಟ್ಟಡಗಳಲ್ಲಿ ವಾಸಿಸುವವರು ರೈಲು ಹತ್ತುತ್ತಾರೆಯೇ ಎಂಬ ವಿಚಾರ ಯಾರ ಬಾಯಲ್ಲೂ ಬರುವುದಿಲ್ಲ. ಈ ಮಾರ್ಗದರ್ಶಿ ಸೂಚಿಸುವ ಕ್ರಮ ಬೇರೆ. ಮೊದಲು ರೈಲಿನ ವೇಳಾಪಟ್ಟಿ, ಆಮೇಲೆ ನಿಲ್ದಾಣಕ್ಕೆ ನಡೆದು ಬರುವ ದಾರಿ, ಅನಂತರ ಜಮೀನಿನ ಬಳಕೆ, ಇವೆಲ್ಲ ಇತ್ಯರ್ಥವಾದ ಮೇಲೆ ಎತ್ತರ. ಈ ಕ್ರಮ ಹಿಂದುಮುಂದಾದ ಕಡೆ ಹಳಿಯ ಪಕ್ಕದಲ್ಲೇ ಇದ್ದರೂ ಕಾರಿನಲ್ಲೇ ಓಡಾಡುವ ಜನರ ಗೋಪುರಗಳು ಏಳುತ್ತವೆ.

ವೇಳಾಪಟ್ಟಿ ಮತ್ತು ಸಾಮರ್ಥ್ಯದ ಲೆಕ್ಕ

ಮುಂಜಾನೆ ನಗರದ ಕಡೆಗೆ ನಾಲ್ಕು ರೈಲು, ಸಂಜೆ ಹಿಂದಿರುಗಲು ನಾಲ್ಕು, ನಡುವೆ ಏನೂ ಇಲ್ಲ ಎಂಬಂಥ ನಿಲ್ದಾಣವನ್ನು ನಂಬಿ ಯಾರೂ ಕಾರು ಮಾರುವುದಿಲ್ಲ. ಮಧ್ಯಾಹ್ನ ಮಗುವಿಗೆ ಜ್ವರ ಬಂದಿದೆಯೆಂದು ಶಾಲೆಯಿಂದ ಕರೆ ಬಂದರೆ ಮನೆಗೆ ಮರಳಲು ದಾರಿಯಿರಬೇಕು. ದಿನವಿಡೀ ಕನಿಷ್ಠ 15 ನಿಮಿಷಕ್ಕೊಂದು ರೈಲು ಎರಡೂ ದಿಕ್ಕಿಗೆ ಓಡಿದಾಗ ಮಾತ್ರ ಜನ ವೇಳಾಪಟ್ಟಿ ನೋಡುವುದನ್ನು ಬಿಟ್ಟು ನೇರವಾಗಿ ನಿಲ್ದಾಣಕ್ಕೆ ಹೊರಡುತ್ತಾರೆ. ಆದ್ದರಿಂದ ನಕ್ಷೆ ಬರೆಯುವ ಮುನ್ನ ರೈಲು ನಡೆಸುವ ಸಂಸ್ಥೆಯಿಂದ ಇಂದಿನ ಓಡಾಟದ ವಿವರವನ್ನೂ ಮುಂದಿನ ಹತ್ತು ವರ್ಷಗಳಲ್ಲಿ ಹೆಚ್ಚಿಸಲಿರುವ ಸೇವೆಯ ಬದ್ಧತೆಯನ್ನೂ ಬರಹದಲ್ಲಿ ಪಡೆಯಬೇಕು. ಅಂಥ ಬದ್ಧತೆ ಸಿಗದಿದ್ದರೆ ಯೋಜನೆಯನ್ನು ಕೈಬಿಡಬೇಕಾಗಿಲ್ಲ, ಆದರೆ ಅದರ ಗಾತ್ರವನ್ನು ತಗ್ಗಿಸಿ ಹಂತಗಳಾಗಿ ಒಡೆಯುವುದು ಒಳ್ಳೆಯದು.

ಸಾಮರ್ಥ್ಯದ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿ. 20,000 ಹೊಸ ನಿವಾಸಿಗಳನ್ನು ತರುವ ಯೋಜನೆ ಇದೆಯೆಂದುಕೊಳ್ಳೋಣ. ಅವರಲ್ಲಿ ಕಾಲು ಭಾಗ, ಅಂದರೆ 5,000 ಜನ, ಬೆಳಗಿನ ದಟ್ಟಣೆಯ ಎರಡು ಗಂಟೆಗಳಲ್ಲಿ ರೈಲು ಹತ್ತಿದರೆ ಗಂಟೆಗೆ 2,500 ಜನರಾದರು. ಗಂಟೆಗೆ ನಾಲ್ಕು ರೈಲು, ತಲಾ 1,000 ಜನರ ಸಾಮರ್ಥ್ಯ. ನಿಮ್ಮ ನಿಲ್ದಾಣ ತಲುಪುವಷ್ಟರಲ್ಲಿ ಪ್ರತಿ ರೈಲಿನಲ್ಲೂ ಆಗಲೇ 700 ಜನ ಇದ್ದಾರೆ. ಉಳಿದಿರುವ ಜಾಗ ಗಂಟೆಗೆ 1,200 ಮಾತ್ರ. ಹೆಚ್ಚು ಬೋಗಿ, ಹೆಚ್ಚು ರೈಲು, ಇಲ್ಲವೇ ಎದುರು ದಿಕ್ಕಿನಲ್ಲಿ ಉದ್ಯೋಗ, ಈ ಮೂರರಲ್ಲಿ ಒಂದಾದರೂ ಬೇಕೆಂದು ಈ ಸಣ್ಣ ಲೆಕ್ಕವೇ ಹೇಳಿಬಿಡುತ್ತದೆ.

ಎದುರು ದಿಕ್ಕಿನ ಮಾತು ಮುಖ್ಯವಾದದ್ದು. ಬೆಳಿಗ್ಗೆ ತುಂಬಿ ಹೋಗಿ ಖಾಲಿಯಾಗಿ ಮರಳುವ ರೈಲು ಅರ್ಧ ದುಡಿಮೆಯ ರೈಲು. ಜಪಾನಿನ ರೈಲು ಉದ್ಯಮಿ ಕೊಬಯಾಶಿ ಇಚಿಜೊ ಇದನ್ನು ಶತಮಾನದ ಹಿಂದೆಯೇ ಕಂಡುಕೊಂಡಿದ್ದರು. 1910ರಲ್ಲಿ ಒಸಾಕಾದ ಉಮೆದಾದಿಂದ ಹೊರಟ ತಮ್ಮ ಮಾರ್ಗದ ಬದಿಯಲ್ಲಿ ಅವರು ಮನೆಗಳನ್ನು ಕಟ್ಟಿ ಕಂತಿನ ಮೇಲೆ ಮಾರಿದರು. ದೂರದ ತುದಿಯಾದ ತಕಾರಾಜುಕಾದಲ್ಲಿ ಬಿಸಿನೀರಿನ ಸ್ನಾನಗೃಹ, ರಂಗಮಂದಿರಗಳನ್ನು ಬೆಳೆಸಿದರು. 1929ರಲ್ಲಿ ಮಾರ್ಗದ ನಗರದ ಕಡೆಯ ತುದಿಯಲ್ಲಿ, ನಿಲ್ದಾಣದಲ್ಲೇ, ದೊಡ್ಡ ಮಳಿಗೆ ತೆರೆದರು. ಬೆಳಿಗ್ಗೆ ಕೆಲಸಕ್ಕೆ ಹೋಗುವವರು, ಹಗಲಿನಲ್ಲಿ ಕೊಳ್ಳಲು ಹೋಗುವವರು, ರಜೆಯ ದಿನ ವಿಹಾರಕ್ಕೆ ಹೊರಡುವವರು ಹೀಗೆ ಎಲ್ಲ ಹೊತ್ತಿನಲ್ಲೂ ಎರಡೂ ದಿಕ್ಕಿಗೂ ಪ್ರಯಾಣಿಕರು ಸಿಕ್ಕರು.

ನಡಿಗೆಯ ನಕ್ಷೆ

ನಿಲ್ದಾಣವನ್ನು ಕೇಂದ್ರವಾಗಿಟ್ಟು ಕೈವಾರದಲ್ಲಿ 800 ಮೀಟರಿನ ವೃತ್ತ ಎಳೆಯುವುದು ರೂಢಿ. ಅದರೊಳಗೆ ಸುಮಾರು 200 ಹೆಕ್ಟೇರ್ ಜಾಗ ಬರುತ್ತದೆ, 400 ಮೀಟರಿನ ಒಳವೃತ್ತದಲ್ಲಿ ಸುಮಾರು 50 ಹೆಕ್ಟೇರ್. ವೃತ್ತವನ್ನು ಎಳೆಯಿರಿ, ಆದರೆ ನಂಬಬೇಡಿ. ಜನ ಹಕ್ಕಿಯಂತೆ ಹಾರಿ ಬರುವುದಿಲ್ಲ. ಹಳಿಯ ಒಂದು ಬದಿಗೆ ಮಾತ್ರ ಬಾಗಿಲಿರುವ ನಿಲ್ದಾಣದಲ್ಲಿ ಆಚೆ ಬದಿಯ ಮನೆ ನಕ್ಷೆಯ ಮೇಲೆ 150 ಮೀಟರ್ ದೂರದಲ್ಲಿ ಕಾಣುತ್ತದೆ, ಕಾಲಿಗೆ ಮಾತ್ರ ಅದು ಒಂದೂವರೆ ಕಿಲೋಮೀಟರ್ ಆಗಿಬಿಡಬಹುದು.

ಆದ್ದರಿಂದ ನಿಜವಾದ ನಡಿಗೆಯ ನಕ್ಷೆಯನ್ನು ಕಾಲ್ನಡಿಗೆಯಲ್ಲೇ ತಯಾರಿಸಬೇಕು. ಜಪಾನಿನ ಮನೆ ಮಾರಾಟದ ಜಾಹೀರಾತುಗಳಲ್ಲಿ ನಿಲ್ದಾಣದ ದೂರವನ್ನು 80 ಮೀಟರಿಗೆ ಒಂದು ನಿಮಿಷದಂತೆ ಎಣಿಸಬೇಕೆಂಬ ನಿಯಮವಿದೆ. ಅದೇ ಅಳತೆಯನ್ನು ಇಟ್ಟುಕೊಂಡರೆ 800 ಮೀಟರ್ ಎಂದರೆ ಹತ್ತು ನಿಮಿಷ. ಆದರೆ ಆ ಲೆಕ್ಕದಲ್ಲಿ ಸಿಗ್ನಲ್ ಕಾಯುವ ಹೊತ್ತು ಸೇರಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ರೈಲಿನ ಬಾಗಿಲು ತೆರೆದ ಕ್ಷಣದಿಂದ ಗಡಿಯಾರ ಚಾಲೂ ಮಾಡಿ, ಎಂಟು ದಿಕ್ಕಿಗೆ ಎಂಟು ಜನರನ್ನು ಕಳಿಸಿ, ಹತ್ತನೆಯ ನಿಮಿಷಕ್ಕೆ ಅವರು ನಿಂತ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ ಜೋಡಿಸಿದರೆ ವೃತ್ತ ಕುಗ್ಗಿ ಅಂಕುಡೊಂಕಾದ ಆಕೃತಿಯಾಗುತ್ತದೆ. ಎಂಟು ಜನರಲ್ಲಿ ಒಬ್ಬರು ವಯಸ್ಸಾದವರಿರಲಿ, ಒಬ್ಬರ ಬಳಿ ಮಗುವಿನ ತಳ್ಳುಗಾಡಿ ಇರಲಿ. ನಡಿಗೆಯನ್ನು ಒಮ್ಮೆ ಹಗಲಲ್ಲಿ, ಒಮ್ಮೆ ಕತ್ತಲಾದ ಮೇಲೆ ಮಾಡಬೇಕು. ಹಗಲು ಐದು ನಿಮಿಷವಾದ ದಾರಿ ದೀಪವಿಲ್ಲದ ಅಂಡರ್‌ಪಾಸಿನಿಂದಾಗಿ ರಾತ್ರಿ ಬಳಕೆಗೇ ಬಾರದಿರುವುದುಂಟು.

ಈ ಸುತ್ತಾಟದಲ್ಲಿ ಗೋಡೆಗಳನ್ನು ಗಮನವಿಟ್ಟು ನೋಡಿ. ರೈಲ್ವೆ ಕಾಂಪೌಂಡಿನಲ್ಲಿ ಯಾರೋ ಎರಡು ಸಾಲು ಇಟ್ಟಿಗೆ ಕಿತ್ತು ಕಿಂಡಿ ಮಾಡಿರುತ್ತಾರೆ, ಕೆಳಗೆ ಹತ್ತಲು ಕಲ್ಲೊಂದನ್ನು ಇಟ್ಟಿರುತ್ತಾರೆ, ಅಲ್ಲಿಗೆ ಹೋಗುವ ಹುಲ್ಲಿನಲ್ಲಿ ಒಂದಡಿ ಅಗಲದ ಕಾಲುದಾರಿ ಸವೆದಿರುತ್ತದೆ. ಅಧಿಕಾರಿಗಳ ಕಣ್ಣಿಗೆ ಅದು ಅತಿಕ್ರಮ ಪ್ರವೇಶ. ಯೋಜಕರಿಗೆ ಅದಕ್ಕಿಂತ ಒಳ್ಳೆಯ ಸಮೀಕ್ಷೆ ಸಿಗಲಾರದು: ಎರಡನೆಯ ಬಾಗಿಲು ಎಲ್ಲಿ ಬೇಕೆಂದು ಜನರೇ ಬರೆದಿಟ್ಟಿದ್ದಾರೆ. ಅಂಥ ಕಿಂಡಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ, ಹಳಿ ದಾಟುವ ಅಪಾಯವಿಲ್ಲದಂತೆ ಮೇಲ್ಸೇತುವೆ ಅಥವಾ ಅಂಡರ್‌ಪಾಸನ್ನು ಅಲ್ಲಿಗೇ ತರಬೇಕು.

ಎರಡನೆಯ ಬಾಗಿಲಿನ ಲಾಭವನ್ನು ಅಂಕಿಗಳಲ್ಲೂ ತೋರಿಸಬಹುದು. 250 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಒಂದೇ ತುದಿಯಲ್ಲಿ ಹೊರದಾರಿ ಇದ್ದರೆ ಇನ್ನೊಂದು ತುದಿಯಲ್ಲಿ ಇಳಿದವರಿಗೆ ಮೂರು ನಿಮಿಷ ಅಲ್ಲಿಯೇ ಖರ್ಚು. ಎರಡೂ ತುದಿಯಲ್ಲಿ ಹೊರದಾರಿ ಕೊಟ್ಟರೆ 800 ಮೀಟರಿನ ವ್ಯಾಪ್ತಿ ಸುಮಾರು 40 ಹೆಕ್ಟೇರ್ ಹಿಗ್ಗುತ್ತದೆ, ಅಂದರೆ ಐದನೇ ಒಂದು ಭಾಗ. ಒಂದು ಮೆಟ್ಟಿಲುಸಾಲು, ಒಂದು ಲಿಫ್ಟು, ಒಂದು ಟಿಕೆಟ್ ಯಂತ್ರ, ಇಷ್ಟರಿಂದ ಇಷ್ಟು ಜಮೀನು ನಿಲ್ದಾಣದ ಹತ್ತಿರ ಬರುವುದಾದರೆ ಅದಕ್ಕಿಂತ ಅಗ್ಗದ ಕಾಮಗಾರಿ ಇಡೀ ಯೋಜನೆಯಲ್ಲಿ ಸಿಗುವುದು ಕಷ್ಟ.

ಸೈಕಲ್ಲನ್ನು ಮರೆಯಬಾರದು. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹತ್ತು ನಿಮಿಷಕ್ಕೆ ಎರಡೂವರೆ ಕಿಲೋಮೀಟರ್ ಕ್ರಮಿಸಬಹುದು. ಆ ವೃತ್ತದ ವಿಸ್ತೀರ್ಣ ನಡಿಗೆಯ ವೃತ್ತದ ಹತ್ತು ಪಟ್ಟಿಗೆ ಹತ್ತಿರ. ನೆದರ್ಲೆಂಡ್ಸಿನ ಉಟ್ರೆಕ್ಟ್ ನಿಲ್ದಾಣದಲ್ಲಿ 2019ರಲ್ಲಿ ಪೂರ್ಣಗೊಂಡ ತಂಗುದಾಣದಲ್ಲಿ 12,500 ಸೈಕಲ್‌ಗಳಿಗೆ ಜಾಗವಿದೆ. ಅಷ್ಟು ದೊಡ್ಡದು ಎಲ್ಲ ಕಡೆ ಬೇಕಿಲ್ಲ, ಆದರೆ ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಮಳೆ ಬೀಳದ, ಕಾವಲಿರುವ ಜಾಗ ಬೇಕು.

ಜಮೀನಿನ ಬಳಕೆ

ಮನೆಯಿಂದ ನಿಲ್ದಾಣಕ್ಕೆ ಜನ ಸ್ವಲ್ಪ ಹೆಚ್ಚೇ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ, ಬಸ್ಸನ್ನೂ ಹಿಡಿಯುತ್ತಾರೆ. ಇಳಿದ ನಿಲ್ದಾಣದಿಂದ ಕಚೇರಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ಅಲ್ಲಿ ಅವರ ಸ್ವಂತ ವಾಹನವೂ ಇರುವುದಿಲ್ಲ. ಆದ್ದರಿಂದ ಉದ್ಯೋಗಗಳನ್ನು ನಿಲ್ದಾಣಕ್ಕೆ ತೀರ ಸಮೀಪದಲ್ಲಿ, ಮನೆಗಳನ್ನು ಅದರ ಹೊರಗಿನ ಸುತ್ತಿನಲ್ಲಿ ಇಡುವುದು ಸರಿಯಾದ ಹಂಚಿಕೆ. ರೈಲು ಮಾರ್ಗಗಳ ಉದ್ದಕ್ಕೆ ಬೆರಳುಗಳಂತೆ ನಗರವನ್ನು ಚಾಚಿ, ನಡುವೆ ಹಸಿರನ್ನು ಉಳಿಸುವ ಯೋಜನೆಯನ್ನು 1947ರಲ್ಲಿ ಮುಂದಿಟ್ಟ ಕೋಪನ್‌ಹೇಗನ್ ಮಹಾನಗರ ಪ್ರದೇಶದಲ್ಲಿ, 1,500 ಚದರ ಮೀಟರಿಗಿಂತ ದೊಡ್ಡ ಕಚೇರಿಗಳು ನಿಲ್ದಾಣದಿಂದ 600 ಮೀಟರಿನೊಳಗೇ ಬರಬೇಕೆಂಬುದು ಇಂದಿನ ಮುಖ್ಯ ನಿಯಮ. ನಕಲು ಮಾಡಲು ಯೋಗ್ಯವಾದ ನಿಯಮವಿದು, ಏಕೆಂದರೆ ಎರಡೇ ಸಂಖ್ಯೆಗಳಲ್ಲಿ ಮುಗಿಯುತ್ತದೆ, ವ್ಯಾಖ್ಯಾನದ ಜಗಳಕ್ಕೆ ಹೆಚ್ಚು ಎಡೆ ಕೊಡುವುದಿಲ್ಲ.

ನಿಲ್ದಾಣದ ಮುಂದಿನ ಬೀದಿಯ ನೆಲಮಹಡಿಯಲ್ಲಿ ಅಂಗಡಿ, ಔಷಧಾಲಯ, ಶಿಶುವಿಹಾರಗಳಿರಲಿ. ಸಂಜೆ ಇಳಿದವರು ಮನೆಗೆ ಹೋಗುವ ದಾರಿಯಲ್ಲೇ ಕೆಲಸ ಮುಗಿಸಿಕೊಳ್ಳುತ್ತಾರೆ. ಆದರೆ ಎಲ್ಲ ಬೀದಿಗಳಲ್ಲೂ ಅಂಗಡಿ ಕಡ್ಡಾಯ ಮಾಡಿದರೆ ಅರ್ಧಕ್ಕರ್ಧ ಷಟರು ಎಳೆದುಕೊಂಡೇ ಉಳಿಯುತ್ತವೆ. ಹಳಿಗೆ ತಾಗಿದ ನಿವೇಶನಗಳಲ್ಲಿ ಕಚೇರಿ, ಸೈಕಲ್ ತಂಗುದಾಣದಂಥವನ್ನು ಇಟ್ಟು ಸದ್ದಿಗೆ ತಡೆಯೊಡ್ಡಬೇಕು. ಮನೆ ಕಟ್ಟಲೇಬೇಕಾದರೆ ಮಲಗುವ ಕೋಣೆಗಳು ಹಳಿಗೆ ಬೆನ್ನು ಮಾಡಿರಲಿ. ಪೆಟ್ರೋಲ್ ಬಂಕು, ಗೋದಾಮು, ಒಂದೇ ಅಂತಸ್ತಿನ ದೊಡ್ಡ ಮಾರಾಟಗೃಹಗಳನ್ನು ಮೊದಲ 400 ಮೀಟರಿನಲ್ಲಿ ನಿಷೇಧಿಸುವುದೇ ಲೇಸು.

ಕಾರು ನಿಲುಗಡೆ

ನಿಲ್ದಾಣದ ಬಾಗಿಲಿಗೇ ಅಂಟಿಕೊಂಡ ಅತಿ ಬೆಲೆಬಾಳುವ ಜಮೀನನ್ನು ಹಲವು ನಗರಗಳು ಹಗಲಿಡೀ ನಿಂತ ಕಾರುಗಳಿಗೆ ಬಿಟ್ಟುಕೊಟ್ಟಿವೆ. ಓಡಾಟದ ದಾರಿ ಸೇರಿ ಒಂದು ಕಾರಿಗೆ 25ರಿಂದ 30 ಚದರ ಮೀಟರ್ ಬೇಕು. ಒಂದು ಹೆಕ್ಟೇರಿನಲ್ಲಿ ಹೆಚ್ಚೆಂದರೆ 400 ಕಾರುಗಳು ನಿಲ್ಲುತ್ತವೆ. ಅದೇ ಹೆಕ್ಟೇರಿನಲ್ಲಿ ಆರೇಳು ಮಹಡಿಯ ಸಾಧಾರಣ ಕಟ್ಟಡಗಳು 250 ಮನೆಗಳನ್ನು ಸುಲಭವಾಗಿ ಕೊಡುತ್ತವೆ. ಬೆಳಗಿನ ಪ್ರಯಾಣಿಕರ ಎಣಿಕೆಯನ್ನಷ್ಟೇ ನೋಡಿದರೆ ಎರಡರ ನಡುವೆ ದೊಡ್ಡ ಅಂತರ ಕಾಣದು ಎಂಬುದನ್ನು ಒಪ್ಪಬೇಕು, ಮತ್ತು ಕಾರು ನಿಲುಗಡೆಯ ಪರವಾಗಿ ವಾದಿಸುವವರು ಅದನ್ನೇ ಮುಂದಿಡುತ್ತಾರೆ. ಆದರೆ ಆ ಮನೆಗಳ ಜನ ಮಧ್ಯಾಹ್ನವೂ ರಜೆಯ ದಿನವೂ ರೈಲು ಹತ್ತುತ್ತಾರೆ, ಅಂಗಡಿಗಳನ್ನು ನಡೆಸುತ್ತಾರೆ, ನಿಲ್ದಾಣದ ಮುಂದಿನ ರಸ್ತೆಯಲ್ಲಿ ಬೆಳಿಗ್ಗೆ ಕಾರುಗಳ ಸಾಲು ನಿಲ್ಲಿಸುವುದಿಲ್ಲ.

ಮಾರ್ಗದ ಕಟ್ಟಕಡೆಯ ನಿಲ್ದಾಣಗಳ ಮಾತು ಬೇರೆ. ಅಲ್ಲಿಗೆ ಚದುರಿದ ಹಳ್ಳಿಗಳಿಂದ ಬರುವವರಿಗೆ ಕಾರು, ಬೈಕು ಬಿಟ್ಟು ಗತಿಯಿಲ್ಲದಿರಬಹುದು. ಅಂಥಲ್ಲಿ ನಿಲುಗಡೆಯನ್ನು ಬಾಗಿಲಿನಿಂದ 300 ಮೀಟರ್ ಆಚೆಗೆ ಇಟ್ಟು, ಶುಲ್ಕ ವಿಧಿಸಿ, ಮುಂದೆ ಕಟ್ಟಲು ಕಾದಿಟ್ಟ ಜಮೀನೆಂದು ಯೋಜನೆಯಲ್ಲೇ ದಾಖಲಿಸಿ. ಹೊಸ ಕಟ್ಟಡಗಳು ಮನೆಗಿಷ್ಟು ಕಾರಿನ ಜಾಗ ಕೊಡಲೇಬೇಕೆಂಬ ಕಡ್ಡಾಯವನ್ನು ನಿಲ್ದಾಣದ ಸುತ್ತ ರದ್ದು ಮಾಡಬೇಕು. ಕ್ಯಾಲಿಫೋರ್ನಿಯಾ 2022ರ ಕಾಯಿದೆಯ ಮೂಲಕ ಪ್ರಮುಖ ಸಾರಿಗೆ ನಿಲ್ದಾಣಗಳಿಂದ ಅರ್ಧ ಮೈಲಿಯೊಳಗೆ ಬಹುಮಟ್ಟಿಗೆ ಹಾಗೆಯೇ ಮಾಡಿದೆ.

ಎತ್ತರ ಮತ್ತು ಅನುಮತಿ

ಇಷ್ಟಾದ ಮೇಲೆ ಎತ್ತರದ ಪ್ರಶ್ನೆ ಅರ್ಧದಷ್ಟು ಹಗುರಾಗಿರುತ್ತದೆ. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ಕೌಂಟಿ, ಹೆದ್ದಾರಿಯ ನಡುವೆ ಹೋಗಬೇಕಿದ್ದ ಮೆಟ್ರೊ ಮಾರ್ಗವನ್ನು ಹಟ ಹಿಡಿದು ತನ್ನ ಹಳೆಯ ವಾಣಿಜ್ಯ ಬೀದಿಯ ಕೆಳಕ್ಕೆ ತಂದುಕೊಂಡಿತು. 1979ರಲ್ಲಿ ಆ ಮಾರ್ಗ ಬಾಲ್‌ಸ್ಟನ್‌ವರೆಗೆ ತಲುಪಿತು. ಪ್ರತಿ ನಿಲ್ದಾಣದ ಮೇಲೆ ಅತಿ ಎತ್ತರ, ಹೊರಕ್ಕೆ ಹೋದಂತೆ ಮೆಟ್ಟಿಲುಮೆಟ್ಟಿಲಾಗಿ ಇಳಿತ, ಕೆಲವೇ ಬೀದಿಗಳಾಚೆ ಹಳೆಯ ಒಂಟಿ ಮನೆಗಳು ಹಾಗೆಯೇ, ಇದು ಅಲ್ಲಿನ ಏರ್ಪಾಡು. ಇಳಿತದ ರೇಖೆಯನ್ನು ಮೊದಲೇ ಖಚಿತವಾಗಿ ಎಳೆದದ್ದರಿಂದ ಹಳೆಯ ನಿವಾಸಿಗಳಿಗೂ ಭರವಸೆ ಸಿಕ್ಕಿತು.

ಗರಿಷ್ಠ ಮಿತಿಯ ಜೊತೆ ಕನಿಷ್ಠ ಮಿತಿಯೂ ಇರಲಿ. ಮ್ಯಾಸಚೂಸೆಟ್ಸಿನ 2021ರ ಕಾಯಿದೆ, ಬಾಸ್ಟನ್ ಸುತ್ತಲಿನ ಸಾರಿಗೆ ಜಾಲಕ್ಕೆ ಸೇರಿದ 177 ಊರುಗಳಲ್ಲಿ ಪ್ರತಿಯೊಂದೂ ಎಕರೆಗೆ ಕನಿಷ್ಠ 15 ಮನೆಗಳ ಸಾಂದ್ರತೆಗೆ ಅವಕಾಶವಿರುವ ವಲಯವನ್ನು ಗುರುತಿಸಬೇಕೆನ್ನುತ್ತದೆ. ನಿಯಮಕ್ಕೆ ಒಪ್ಪುವ ಕಟ್ಟಡಕ್ಕೆ ಅಲ್ಲಿ ವಿಶೇಷ ಪರವಾನಗಿ ಬೇಕಿಲ್ಲ.

ಏರುವ ಬೆಲೆ, ಕಾದಿಡುವ ಜಾಗ

ರೈಲು ಬರುವ ಸುದ್ದಿಗೇ ಜಮೀನಿನ ಬೆಲೆ ಏರುತ್ತದೆ. ಸಾರ್ವಜನಿಕ ಹಣದಿಂದ ಹುಟ್ಟಿದ ಆ ಏರಿಕೆಯ ಒಂದು ಪಾಲು ಸಾರ್ವಜನಿಕರಿಗೆ ಮರಳುವ ದಾರಿಯನ್ನು ಸುದ್ದಿಗೆ ಮುಂಚೆಯೇ ಗೊತ್ತುಪಡಿಸಬೇಕು. ಹಾಂಗ್‌ಕಾಂಗಿನಲ್ಲಿ ರೈಲು ಸಂಸ್ಥೆ ನಿಲ್ದಾಣದ ಮೇಲಿನ ಮತ್ತು ಸುತ್ತಲಿನ ಜಾಗದ ಅಭಿವೃದ್ಧಿ ಹಕ್ಕನ್ನು ರೈಲಿಲ್ಲದಿದ್ದಾಗಿನ ಬೆಲೆಗೆ ಸರ್ಕಾರದಿಂದ ಪಡೆದು, ಕಟ್ಟಡದ ಲಾಭದಿಂದ ಹಳಿಯ ಖರ್ಚು ತೂಗಿಸುತ್ತದೆ. ಜಮೀನು ಬಹುತೇಕ ಸರ್ಕಾರದ ಕೈಯಲ್ಲೇ ಇರುವ ಊರಿನ ವಿಧಾನ ಅದು. ಖಾಸಗಿ ಒಡೆತನ ಹರಡಿರುವ ಕಡೆ ಜಪಾನಿನ ತ್ಸುಕುಬಾ ಎಕ್ಸ್‌ಪ್ರೆಸ್ ಮಾದರಿ ಹೆಚ್ಚು ಒಪ್ಪುತ್ತದೆ: 1989ರ ಕಾನೂನಿನ ಅಡಿಯಲ್ಲಿ ಮಾಲೀಕರು ತಮ್ಮ ಜಮೀನಿನ ಒಂದಂಶವನ್ನು ಹಳಿ, ರಸ್ತೆ, ಉದ್ಯಾನಗಳಿಗೆ ಬಿಟ್ಟುಕೊಟ್ಟು, ಉಳಿದದ್ದನ್ನು ಅಚ್ಚುಕಟ್ಟಾದ, ಹೆಚ್ಚು ಬೆಲೆಯ ನಿವೇಶನವಾಗಿ ಮರಳಿ ಪಡೆದರು, ರೈಲು 2005ರಲ್ಲಿ ಓಡಿತು.

ಬೆಲೆ ಏರಿದಾಗ ಮೊದಲು ಜಾಗ ಖಾಲಿ ಮಾಡುವವರು ಬಾಡಿಗೆದಾರರು, ಸಣ್ಣ ಅಂಗಡಿಯವರು. ರೈಲನ್ನು ಹೆಚ್ಚು ಬಳಸುವವರೂ ಹಲವೆಡೆ ಅವರೇ. ಹೆಚ್ಚುವರಿ ಮಹಡಿಗೆ ಅನುಮತಿ ಕೊಡುವಾಗಲೇ ಕೈಗೆಟಕುವ ಬಾಡಿಗೆಯ ಮನೆಗಳ ಪಾಲನ್ನೂ, ಹಳೆಯ ಬಾಡಿಗೆದಾರರು ಹಿಂದಿರುಗುವ ಹಕ್ಕನ್ನೂ ಷರತ್ತಾಗಿ ಬರೆಯಬೇಕು. ಕಟ್ಟಡ ಎದ್ದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಕೊನೆಯದಾಗಿ, ಕಟ್ಟದೆ ಬಿಡಬೇಕಾದ ಜಾಗವನ್ನು ನಕ್ಷೆಯಲ್ಲಿ ಬೇರೆ ಬಣ್ಣದಿಂದ ತುಂಬಿಸಿ: ಇಂದು ಎರಡಿರುವ ಹಳಿ ಮುಂದೆ ನಾಲ್ಕಾಗಲು ಬೇಕಾದ ಪಟ್ಟಿ, ಉದ್ದದ ರೈಲು ಬಂದಾಗ ಪ್ಲಾಟ್‌ಫಾರ್ಮ್ ಚಾಚಿಕೊಳ್ಳುವ ತುದಿಗಳು, ಲೆವೆಲ್ ಕ್ರಾಸಿಂಗ್ ಜಾಗದಲ್ಲಿ ಮೇಲ್ಸೇತುವೆ ಬಂದರೆ ಅದರ ಇಳಿಜಾರು, ಒಂದು ಶಾಲೆ, ಒಂದು ಆಟದ ಬಯಲು. ಅಲ್ಲಿಯವರೆಗೆ ಆ ಜಾಗ ಪಾಳು ಬೀಳಬೇಕಿಲ್ಲ. ಸಂತೆಗೋ ತೋಟಕ್ಕೋ ಅವಧಿ ನಮೂದಿಸಿ ಕೊಡಬಹುದು. ಆದರೆ ಶಾಶ್ವತ ತಳಪಾಯಕ್ಕೆ ಅಲ್ಲಿ ಅನುಮತಿ ಇಲ್ಲವೆಂಬುದನ್ನು ಗುತ್ತಿಗೆಯ ಮೊದಲ ಸಾಲಿನಲ್ಲೇ ಬರೆಯಬೇಕು.