ಬೆಳ್ಳಿ ಸಿಗೋದು ಮೊಳೆಗಳ ಮಧ್ಯೆನೇ: ಮೆಟಲ್ ಡಿಟೆಕ್ಟಿಂಗ್, ನನ್ನ ಅನುಭವ

ಹಳೇ ನಾಣ್ಯ ಹುಡುಕೋಕೆ ಹೊರಡೋರು ಮೊದ್ಲು ಕೇಳೋದು ಯಾವ ಮೆಷಿನ್, ಅಂದ್ರೆ ಮೆಟಲ್ ಡಿಟೆಕ್ಟರ್, ತಗೊಳ್ಳಲಿ ಅಂತ. ನನ್ನ ಪ್ರಕಾರ ಅದು ಆಮೇಲಿನ ಮಾತು, ಎಲ್ಲಿ ಹುಡುಕ್ತೀರಿ, ಎಷ್ಟು ನಿಧಾನಕ್ಕೆ ಹುಡುಕ್ತೀರಿ ಅನ್ನೋದೇ ಮುಖ್ಯ. ನನಗೆ ಸಿಕ್ಕಿರೋ ಬೆಳ್ಳಿ ನಾಣ್ಯ, ಉಂಗುರ, ಒಂದು ತುಂಡಾದ ಬಳೆ, ಇವೆಲ್ಲ ಹೆಚ್ಚುಕಮ್ಮಿ ಬೇರೆಯವರು ಆಗ್ಲೇ ಮೆಷಿನ್ ಆಡಿಸಿ "ಇಲ್ಲೇನಿಲ್ಲ, ಬರೀ ಮೊಳೆ" ಅಂತ ಕೈಬಿಟ್ಟ ಜಾಗದಲ್ಲೇ ಸಿಕ್ಕಿದ್ದು. ಮೊಳೆ ಇದೆ ಅಂದ್ರೆ ಅಲ್ಲಿ ಬಾಗಿಲಿತ್ತು, ಸೂರಿತ್ತು, ಗಾಡಿ ನಿಲ್ತಿತ್ತು, ಜನ ಓಡಾಡ್ತಿದ್ರು. ಜನ ಓಡಾಡಿದ ಕಡೆನೇ ಅಲ್ವಾ ಜೇಬಿಂದ ಕಾಸು ಬೀಳೋದು, ಬೆರಳಿಂದ ಉಂಗುರ ಜಾರೋದು. ಹಂಗಾಗಿ ಕಬ್ಬಿಣದ ಸದ್ದು ಜಾಸ್ತಿ ಬಂದ ಕೂಡ್ಲೇ ನಾನು ಅಲ್ಲಿಂದ ಕಾಲ್ತೆಗೆಯಲ್ಲ, ಅಲ್ಲೇ ಕಾಲೂರ್ತೀನಿ.

ಜಾಗ ಹುಡುಕೋ ಕೆಲಸ ಮನೇಲಿ ಕೂತೇ ಶುರುವಾಗತ್ತೆ. ಹಳೇ ಸರ್ವೆ ನಕ್ಷೆನ ಇವತ್ತಿನ ಸ್ಯಾಟಲೈಟ್ ಚಿತ್ರದ ಪಕ್ಕ ಇಟ್ಕೊಂಡು ನೋಡಿದ್ರೆ ಈಗ ಇಲ್ಲದ ಮನೆಗಳು, ಯಾರೂ ಬಳಸದ ಕಾಲುದಾರಿ, ಹೊಳೆ ದಾಟ್ತಿದ್ದ ಜಾಗ, ಸಂತೆ ಸೇರ್ತಿದ್ದ ಬಯಲು ಒಂದೊಂದಾಗಿ ಕಣ್ಣಿಗೆ ಬೀಳ್ತವೆ. ಜನ ಎಲ್ಲಿ ಕೂರ್ತಿದ್ರು ಅಂತ ಯೋಚ್ನೆ ಮಾಡಿ, ನೆಲದ ಮೇಲೆ ಕೂತು ಎದ್ದಾಗ್ಲೇ ಕಾಸು ಜಾರೋದು ಜಾಸ್ತಿ. ಹಳೇ ದೊಡ್ಡ ಮರ ಇದ್ರೆ ಮಧ್ಯಾಹ್ನದ ಬಿಸಿಲಲ್ಲಿ ಅದರ ನೆರಳು ಯಾವ ಕಡೆ ಬೀಳತ್ತೋ ಆ ಕಡೆಯಿಂದ ಶುರು ಮಾಡ್ತೀನಿ. ಉತ್ತ ಹೊಲ ಇನ್ನೂ ಒಳ್ಳೇದು, ಪ್ರತಿ ಸಲ ಉಳುಮೆ ಆದಾಗ್ಲೂ ಕೆಳಗಿದ್ದ ಒಂದಿಷ್ಟು ಮೇಲೆ ಬರತ್ತೆ, ಹೋದ ವರ್ಷ ಖಾಲಿ ಅನ್ನಿಸಿದ ಹೊಲ ಈ ವರ್ಷ ಖಾಲಿ ಇರಲ್ಲ. ಮಳೆ ಆಗಿ ನೆಲ ಒಳಗಿಂದ ಒದ್ದೆ ಆದಾಗ ಆಳದ ಸಿಗ್ನಲ್ ಸ್ವಲ್ಪ ಗಟ್ಟಿಯಾಗಿ ಬರತ್ತೆ, ಮಣ್ಣು ಅಗೆಯೋಕೂ ಸುಲಭ. ಜಮೀನಿನ ಮಾಲೀಕರ ಒಪ್ಪಿಗೆ ಮೊದ್ಲೇ ತಗೊಳ್ಳಿ, ಸಿಕ್ಕಿದ್ದರಲ್ಲಿ ಯಾರಿಗೆ ಏನು ಅನ್ನೋದನ್ನೂ ಅಗೆಯೋಕೆ ಮುಂಚೆನೇ ಬರೆದಿಟ್ಕೊಂಡ್ರೆ ಆಮೇಲೆ ಮನಸ್ತಾಪ ಬರಲ್ಲ.

ಈಗ ಸದ್ದಿನ ವಿಷಯ, ನನಗೆ ತುಂಬಾ ಇಷ್ಟದ ಭಾಗ ಇದೇ. ಕಾಯಿಲ್, ಅಂದ್ರೆ ನೆಲದ ಮೇಲೆ ಆಡಿಸೋ ಮೆಷಿನ್ನಿನ ತಟ್ಟೆ, ಅದರ ಒಳಗೆ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸೋ ಕರೆಂಟ್ ಹರಿಯತ್ತೆ, ಅದರಿಂದ ಹುಟ್ಟೋ ಕಾಂತಕ್ಷೇತ್ರ ನೆಲದೊಳಗಿನ ಲೋಹಕ್ಕೆ ತಾಗಿದಾಗ ಆ ಲೋಹದಲ್ಲೂ ಸಣ್ಣ ಸಣ್ಣ ಸುಳಿ ಕರೆಂಟ್ ಹುಟ್ಟತ್ತೆ, ಅದು ವಾಪಸ್ ಕಳ್ಸೋ ಉತ್ತರ ಎಷ್ಟು ತಡವಾಗಿ ಬರತ್ತೆ ಅನ್ನೋದನ್ನ ಮೆಷಿನ್ ಅಳೆದು ಅದಕ್ಕೆ ತಕ್ಕ ನಂಬರ್, ಟೋನ್ ಕೊಡತ್ತೆ. ಎಲ್ಲಾ ಲೋಹಗಳಲ್ಲಿ ಬೆಳ್ಳಿಲೇ ಕರೆಂಟ್ ಅತಿ ಸರಾಗವಾಗಿ ಹರಿಯೋದು, ಅದಕ್ಕೇ ಒಂದು ಒಳ್ಳೇ ಬೆಳ್ಳಿ ನಾಣ್ಯ ಅಡ್ಡಡ್ಡ ಮಲಗಿದ್ರೆ ಟೋನ್ ಎತ್ತರಕ್ಕೆ ಹೋಗತ್ತೆ, ದುಂಡಗೆ, ಯಾವ ಕಡೆಯಿಂದ ಆಡಿಸಿದ್ರೂ ಒಂದೇ ಥರ ಗಂಟೆ ಬಾರಿಸಿದ ಹಂಗೆ ಕೇಳ್ಸತ್ತೆ. ಆ ಸದ್ದು ಒಂದ್ಸಲ ಕಿವಿಗೆ ಬಿದ್ರೆ ಮರೆಯಲ್ಲ. ಕರೆಂಟ್ ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸತ್ತೆ ಅನ್ನೋದೇ ಫ್ರೀಕ್ವೆನ್ಸಿ. ಕಮ್ಮಿ ಫ್ರೀಕ್ವೆನ್ಸಿ ಮೆಷಿನ್, ಅಂದ್ರೆ 5ರಿಂದ 8 ಕಿಲೋಹರ್ಟ್ಸ್ ಆಸುಪಾಸಿಂದು, ಆಳದ ಬೆಳ್ಳಿಗೆ ಚೆನ್ನಾಗಿ ಸ್ಪಂದಿಸತ್ತೆ. 20ಕ್ಕಿಂತ ಮೇಲಿಂದು ಸಣ್ಣ ಚಿನ್ನಕ್ಕೆ, ತೆಳು ವಸ್ತುಗಳಿಗೆ ಒಳ್ಳೇದು. ಈಗ ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿ ಬಳಸೋ ಮೆಷಿನ್‌ಗಳು ಬಂದಿರೋದ್ರಿಂದ ಈ ತಲೆನೋವು ಕಮ್ಮಿ ಆಗಿದೆ.

ಆದ್ರೆ ಬೆಳ್ಳಿ ಅಂದ್ರೆಲ್ಲಾ ಎತ್ತರದ ಟೋನ್ ಅಲ್ಲ. ಆಭರಣ ಹುಡುಕೋರು ಇದನ್ನ ಚೆನ್ನಾಗಿ ತಲೇಲಿ ಇಟ್ಕೋಬೇಕು. ಉಂಗುರ ಪೂರ್ತಿ ಇದ್ರೆ ಸುಳಿ ಕರೆಂಟ್ ಅದರ ಸುತ್ತ ಪೂರ್ತಿ ತಿರುಗತ್ತೆ, ಸಿಗ್ನಲ್ ಗಟ್ಟಿ ಬರತ್ತೆ. ಅದೇ ಉಂಗುರ ಒಂದು ಕಡೆ ಸೀಳಿದ್ರೆ ಕರೆಂಟಿಗೆ ಸುತ್ತೋ ದಾರಿನೇ ಇಲ್ಲ, ನಂಬರ್ ದಡಕ್ಕನೆ ಕೆಳಗಿಳಿಯತ್ತೆ. ತೆಳು ಸರ ಇನ್ನೂ ಕಷ್ಟ, ಮೆಷಿನ್ನಿಗೆ ಅದು ಒಂದು ಉದ್ದದ ಬೆಳ್ಳಿ ಅಲ್ಲ, ಒಂದೊಂದು ಕೊಂಡಿನೂ ಬೇರೆ ಬೇರೆ ಪುಟಾಣಿ ವಸ್ತು, ಎಲ್ಲಾ ಸೇರಿದ್ರೂ ಸಿಗರೇಟ್ ಪ್ಯಾಕಿನ ಫಾಯಿಲ್ ಬಂದಷ್ಟೇ ಬರತ್ತೆ, ಎಷ್ಟೋ ಸಲ ಕೇಳ್ಸೋದು ಸರದ ಕೊಕ್ಕೆ ಮಾತ್ರ. ಅದಕ್ಕೇ ಫಾಯಿಲ್, ಕ್ಯಾನಿನ ರಿಂಗ್ ಥರ ಬರೋ ಕೆಳಗಿನ ಟೋನ್‌ಗಳನ್ನೆಲ್ಲಾ ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸದ್ದು ಕೇಳಿಸದ ಹಂಗೆ ಮಾಡೋ ಸೆಟ್ಟಿಂಗ್) ಹಾಕಿ ಮುಚ್ಚಿದ್ರೆ ಆಭರಣಾನೂ ಅದರ ಜೊತೆಗೇ ಮುಚ್ಚಿಹೋಗತ್ತೆ. ನಾನು ಕಸ ಅಗೆಯೋಕೆ ಬೇಜಾರು ಪಟ್ಕೊಳ್ಳಲ್ಲ. ಅಗೆದ ಕಸ ಎಲ್ಲಾ ಚೀಲಕ್ಕೆ ಹಾಕ್ಕೊಂಡು ಬರ್ತೀನಿ, ಅಷ್ಟರ ಮಟ್ಟಿಗೆ ಆ ಜಾಗ ಕ್ಲೀನ್ ಆಗತ್ತೆ, ಮುಂದಿನ ಸಲ ಕಿವಿಗೂ ಆರಾಮ.

ಕಬ್ಬಿಣ ಪಕ್ಕದಲ್ಲಿದ್ರೆ ಒಳ್ಳೇ ಸಿಗ್ನಲ್‌ನ ನುಂಗಿಬಿಡತ್ತೆ, ಇದು ಈ ಯಂತ್ರ ಹುಟ್ಟಿದ ಕಾಲದಿಂದ ಇರೋ ಕಾಟ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ತತ್ವದ ಉಪಕರಣ ಮಾಡಿ ಮೈಯೊಳಗಿನ ಗುಂಡು ಹುಡುಕೋಕೆ ನೋಡಿದ್ರು, ಸಿಗ್ಲಿಲ್ಲ, ಹಾಸಿಗೆಯ ಲೋಹದ ಸ್ಪ್ರಿಂಗ್ ಅಡ್ಡ ಬಂತು ಅಂತ ಹೇಳ್ತಾರೆ. ನಾವು ಮೊಳೆ ತುಂಬಿದ ನೆಲದಲ್ಲಿ ಎದುರಿಸೋದೂ ಅದನ್ನೇ. ಇದಕ್ಕೆ ನಾನು ಮಾಡೋದು ಇಷ್ಟು: ದೊಡ್ಡ ಕಾಯಿಲ್ ಬಿಚ್ಚಿ ಸಣ್ಣದು ಹಾಕ್ತೀನಿ, ಅದರ ಕೆಳಗೆ ಒಂದು ಸಲಕ್ಕೆ ಬರೋ ಮೊಳೆಗಳು ಕಮ್ಮಿ. ಡಿಸ್ಕ್ರಿಮಿನೇಷನ್ ಪೂರ್ತಿ ತೆಗೆದು ಕಬ್ಬಿಣದ ಗೊರಗೊರ ಸದ್ದನ್ನೂ ಕೇಳಿಸ್ಕೊಳ್ತೀನಿ. ಕಾಯಿಲ್‌ನ ನೆಲಕ್ಕೆ ಒಂದಿಂಚು ಅಂತರದಲ್ಲಿ ಮಟ್ಟಸವಾಗಿ ಆಡಿಸ್ತೀನಿ, ಕೊನೇಲಿ ಮೇಲೆತ್ತಲ್ಲ, ಪ್ರತಿ ಬೀಸೂ ಹಿಂದಿನ ಬೀಸಿನ ಅರ್ಧದ ಮೇಲೆ ಹೋಗ್ಬೇಕು. ಹೆಡ್‌ಫೋನ್ ಇಲ್ದೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಒಂದು ಉದಾಹರಣೆ ಹೇಳ್ತೀನಿ. ಗೋಡೆ ಬಿದ್ದುಹೋದ ಹಳೇ ಮನೆ ಪಾಯ, ಹೆಜ್ಜೆಗೊಂದು ಮೊಳೆ. ಎರಡು ಗೊರಗೊರದ ಮಧ್ಯೆ ಚೂರೇ ಚೂರು ಎತ್ತರದ ಚಿಲಿಪಿಲಿ ಬಂತು, ಬಂದಷ್ಟೇ ಬೇಗ ಹೋಯ್ತು, ನಂಬರ್ ಒಂದು ಕಡೆ ನಿಲ್ತಿರಲಿಲ್ಲ. ನಿಂತಲ್ಲೇ ಸುತ್ತ ತಿರುಗಿ ಬೇರೆ ಬೇರೆ ದಿಕ್ಕಿಂದ ಕಾಯಿಲ್ ಆಡಿಸಿದೆ, ಒಂದು ದಿಕ್ಕಿಂದ ಮಾತ್ರ ಸ್ಪಷ್ಟ, ಉಳಿದ ಕಡೆಯಿಂದ ಬರೀ ಕಬ್ಬಿಣ, ಆದ್ರೆ ಚಿಲಿಪಿಲಿ ಬಂದಾಗೆಲ್ಲ ಅದೇ ಜಾಗಕ್ಕೆ ಬರ್ತಿತ್ತು, ಪಕ್ಕಕ್ಕೆ ಸರೀತಿರಲಿಲ್ಲ. ಅಗೆದಾಗ ನಾಲ್ಕಿಂಚಿಗೆ ಎರಡು ತುಕ್ಕು ಹಿಡಿದ ಮೊಳೆ ಬಂದ್ವು. ಅವನ್ನ ತೆಗೆದಿಟ್ಟು ಮತ್ತೆ ಕಾಯಿಲ್ ಹಿಡಿದ್ರೆ ಸದ್ದು ಒಮ್ಮೆಲೇ ತಿಳಿಯಾಯ್ತು! ಗುಂಡಿಯ ಪಕ್ಕದ ಗೋಡೇಲಿ ಒಂದು ಮುಷ್ಟಿ ಗಾತ್ರದ ಹೆಂಟೆ, ಪಿನ್‌ಪಾಯಿಂಟರ್ (ಗುಂಡಿಯೊಳಗೆ ಹಿಡಿದು ನೋಡೋ ಪುಟ್ಟ ಡಿಟೆಕ್ಟರ್) ಅದರ ಮೇಲೆ ಬಡ್ಕೊಳ್ತಾ ಇದೆ. ಬೆರಳಲ್ಲೇ ಮೆಲ್ಲಗೆ ಬಿಡಿಸಿದಾಗ ಬೂದು ಬಣ್ಣದ ಒಂದು ಗೆರೆ, ಹತ್ರ ಹಿಡಿದು ನೋಡಿದ್ರೆ ಗೆರೆಗೆ ಅಡ್ಡವಾಗಿ ಸಣ್ಣ ಸಣ್ಣ ಗೀರು, ನಾಣ್ಯದ ಅಂಚು ಅದು. ನಾಣ್ಯ ಲಂಬವಾಗಿ ನಿಂತಿತ್ತು, ಅದಕ್ಕೇ ಕಾಯಿಲ್‌ಗೆ ಅಷ್ಟು ಕಮ್ಮಿ ಕಾಣಿಸ್ತಿದ್ದಿದ್ದು. ಆಮೇಲೆ ಖಾಲಿ ಗುಂಡಿಗೆ ಮತ್ತೆ ಕಾಯಿಲ್ ಹಿಡಿದೆ, ಇದನ್ನ ಯಾವತ್ತೂ ಬಿಡಲ್ಲ, ಇನ್ನೊಂದು ಗೇಣು ಪಕ್ಕದಲ್ಲಿ ಕೆಳಗಿನ ಟೋನಿನ ಒಂದು ಸಣ್ಣ ಸದ್ದು, ಸೀಳಿದ ಬೆಳ್ಳಿ ಉಂಗುರ.

ಎಲ್ಲಾ ಚಿಲಿಪಿಲಿನೂ ಬೆಳ್ಳಿ ಆಗಿರಲ್ಲ ಅನ್ನೋದೂ ನಿಜ. ಬಾಗಿದ ದೊಡ್ಡ ಮೊಳೆ, ಚಪ್ಪಟೆ ವಾಷರ್, ಲಾಳ ಇವೂ ಎತ್ತರದ ಟೋನ್ ಕೊಡ್ತವೆ. ಎತ್ತರದ ಸದ್ದು ಒಂದು ಕಡೆ, ಪಿನ್‌ಪಾಯಿಂಟ್ ಮೋಡ್ (ಲೋಹ ಸರಿಯಾಗಿ ಎಲ್ಲಿದೆ ಅಂತ ಹೇಳೋ ಸೆಟ್ಟಿಂಗ್) ತೋರಿಸೋ ಜಾಗ ಇನ್ನೊಂದು ಕಡೆ ಅಂದ್ರೆ ಹೆಚ್ಚಾಗಿ ಕಬ್ಬಿಣನೇ. ಎರಡೂ ಒಂದೇ ಕಡೆ ಕೂಡಿದ್ರೆ ಅಗೀರಿ.

ಅಗೆಯೋದಕ್ಕೂ ಒಂದು ಕ್ರಮ ಇದೆ. ಹುಲ್ಲಿದ್ದ ಕಡೆ ಮೂರು ಬದಿ ಮಾತ್ರ ಆಳವಾಗಿ ಕೊಯ್ದು ನಾಲ್ಕನೇ ಬದಿ ಹಂಗೇ ಬಿಟ್ಟು ಹುಲ್ಲಿನ ಹೆಂಟೆನ ಮಡಚಿ ಮೇಲೆತ್ತಿ, ಮಣ್ಣನ್ನ ಒಂದು ಬಟ್ಟೆ ಮೇಲೆ ಹಾಕಿ, ಕೆಲಸ ಮುಗಿದ ಮೇಲೆ ಬಟ್ಟೆ ಎತ್ತಿ ಮಣ್ಣನ್ನ ಗುಂಡಿಗೆ ಸುರಿದು ಹುಲ್ಲು ಮುಚ್ಚಿ ತುಳಿದ್ರೆ ಬೇರು ಸಾಯಲ್ಲ, ಅಗೆದ ಗುರುತೂ ಉಳಿಯಲ್ಲ. ಸಿಗ್ನಲ್‌ನ ನೆತ್ತಿ ಮೇಲೆ ಸಲಿಕೆ ಇಳಿಸ್ಬೇಡಿ, ಸುತ್ತ ಅಗಲ ಬಿಟ್ಟು ಅಗೀರಿ, ನೂರಾರು ವರ್ಷ ಉಳಿದಿರೋ ನಾಣ್ಯದ ಮುಖಕ್ಕೆ ಸಲಿಕೆ ಬಾಯಿ ಬಿದ್ರೆ ಆ ಗಾಯ ಅಳಿಸೋಕಾಗಲ್ಲ.

ಸಿಕ್ಕ ತಕ್ಷಣ ಹೆಬ್ಬೆರಳಲ್ಲಿ ಉಜ್ಜಿ ನೋಡೋ ಆಸೆ ಎಲ್ಲರಿಗೂ ಬರತ್ತೆ, ದಯವಿಟ್ಟು ಉಜ್ಜಬೇಡಿ. ಅದರ ಮೇಲಿರೋದು ಮರಳು ಕಣ, ಬೆಳ್ಳಿ ಮೆತ್ತಗಿನ ಲೋಹ, ಒಂದೇ ಉಜ್ಜಿಗೆ ಕೂದಲೆಳೆ ಗೀರು ಬೀಳ್ತವೆ. ಬರೀ ನೀರಲ್ಲಿ ನೆನೆಸಿ ಮಣ್ಣು ತಾನಾಗೇ ಬಿಡೋವರೆಗೂ ಕಾಯ್ತೀನಿ. ಕಪ್ಪು ಪದರ ಬೆಳ್ಳಿ ಗಂಧಕದ ಜೊತೆ ಸೇರಿ ಆದದ್ದು, ಹಸಿರು ಕಿಲುಬು ಕಂಡ್ರೆ ಬೆಳ್ಳಿಲಿ ತಾಮ್ರ ಬೆರೆತಿದೆ ಅಂತ ಅರ್ಥ. ಬಿಸಿನೀರು, ಅಡುಗೆ ಸೋಡಾ, ಅಲ್ಯೂಮಿನಿಯಂ ಫಾಯಿಲ್ ವಿಧಾನ ಆ ಕಪ್ಪನ್ನ ಮತ್ತೆ ಬೆಳ್ಳಿ ಮಾಡೋದು ನಿಜ, ಇತ್ತೀಚಿನ ಸಾದಾ ಚೈನಿಗೆ ನಾನೂ ಮಾಡ್ತೀನಿ, ಹಳೇ ನಾಣ್ಯಕ್ಕೆ ಮಾತ್ರ ಮುಟ್ಟಿಸಲ್ಲ, ಸಂಗ್ರಹಕಾರರಿಗೆ ಆ ಹಳೇ ಬಣ್ಣನೇ ಬೇಕು. ಇನ್ನೊಂದು, ಬಹಳ ಕಾಲ ಮಣ್ಣಲ್ಲಿದ್ದ ಬೆಳ್ಳಿ ಒಳಗೊಳಗೇ ಪೆಡಸಾಗಿರತ್ತೆ, ಬಾಗಿರೋ ಬಳೆ ನೆಟ್ಟಗೆ ಮಾಡೋಕೆ ಹೋದ್ರೆ ಟಪ್ ಅಂತ ಮುರಿಯತ್ತೆ. ಬಾಗಿದ್ದು ಬಾಗಿದ ಹಂಗೇ ಇರ್ಲಿ.

ನಾಣ್ಯದ ಮೇಲಿನ ವರ್ಷ ಓದೋಕೆ ಬಂದ್ರೆ ಬೆಳ್ಳಿ ಎಷ್ಟಿದೆ ಅಂತ ಅಲ್ಲೇ ಗೊತ್ತಾಗತ್ತೆ. ಬ್ರಿಟನ್‌ನಲ್ಲಿ 1920ಕ್ಕೆ ಮುಂಚಿನ ಬೆಳ್ಳಿ ನಾಣ್ಯದಲ್ಲಿ 92.5 ಪರ್ಸೆಂಟ್ ಬೆಳ್ಳಿ, 1920ರಿಂದ 50, 1947ರಿಂದ ಬೆಳ್ಳಿನೇ ಇಲ್ಲ. ಅಮೆರಿಕದ ಡೈಮ್ (10 ಸೆಂಟ್), ಕ್ವಾರ್ಟರ್ (25 ಸೆಂಟ್) 1964ರವರೆಗಿನದಾದ್ರೆ 90 ಪರ್ಸೆಂಟ್. 1835ರಿಂದ ಬಂದ ಭಾರತದ ಬೆಳ್ಳಿ ರೂಪಾಯಿ 11.66 ಗ್ರಾಂ, ಅದರಲ್ಲಿ 91.7 ಪರ್ಸೆಂಟ್ ಬೆಳ್ಳಿ, 1940ರಲ್ಲಿ ಅದು 50ಕ್ಕೆ ಇಳೀತು, 1947ರ ರೂಪಾಯಿ ನಿಕ್ಕಲ್. ಆಭರಣದಲ್ಲಾದ್ರೆ ಒಳಬದಿಲಿ 925, ಅಂದ್ರೆ 92.5 ಪರ್ಸೆಂಟ್ ಬೆಳ್ಳಿ, ಅಂತ ಮುದ್ರೆ ಇದೆಯಾ ಅಂತ ಭೂತಗನ್ನಡಿ ಹಿಡಿದು ನೋಡಿ.

ಕಾನೂನು ದೇಶ ದೇಶಕ್ಕೂ ಬೇರೆ, ಮೆಷಿನ್ ಕೊಳ್ಳೋಕೆ ಮುಂಚೆ ಇದನ್ನ ಓದ್ಕೊಳ್ಳಿ. ಐರ್ಲೆಂಡ್‌ನಲ್ಲಿ ಪ್ರಾಚೀನ ವಸ್ತು ಹುಡುಕೋಕೆ ಡಿಟೆಕ್ಟರ್ ಬಳಸ್ಬೇಕಾದ್ರೆ ಅನುಮತಿ ಪತ್ರನೇ ಬೇಕು. ಭಾರತದಲ್ಲಿ 1878ರ ನಿಧಿ ಕಾಯ್ದೆ ಪ್ರಕಾರ ಮಣ್ಣಲ್ಲಿ ಅಡಗಿದ್ದು ಸಿಕ್ಕಿ ಅದರ ಬೆಲೆ 10 ರೂಪಾಯಿ ದಾಟಿದ್ರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸ್ಬೇಕು. ಸಂರಕ್ಷಿತ ಸ್ಮಾರಕಗಳ ಹತ್ರಕ್ಕಂತೂ ಎಲ್ಲೂ ಮೆಷಿನ್ ಒಯ್ಯಬೇಡಿ. ಹಳೇ ಯುದ್ಧಭೂಮಿಗಳಲ್ಲಿ ಶೆಲ್, ಗ್ರೆನೇಡ್ ಥರದ್ದು ಕಂಡ್ರೆ ಮುಟ್ಟದೇ ಹಿಂದೆ ಸರಿದು ಪೊಲೀಸರಿಗೆ ಹೇಳಿ.

ತಿಳಿಸೋದ್ರಿಂದ ಏನಾಗತ್ತೆ ಅನ್ನೋದಕ್ಕೆ 1992ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಹಾಕ್ಸನ್ ಹಳ್ಳಿಲಿ ಸಿಕ್ಕ ನಿಧಿ ನೋಡಿ. ಎರಿಕ್ ಲಾಸ್ ಅನ್ನೋರು ಸ್ನೇಹಿತನ ಕಳೆದುಹೋದ ಸುತ್ತಿಗೆ ಹುಡುಕೋಕೆ ಹೋದವರು, ನಾಣ್ಯ, ಬೆಳ್ಳಿ ಚಮಚ ಬರೋಕೆ ಶುರುವಾದಾಗ ಪೂರ್ತಿ ಬಗೆದು ತೆಗೀದೇ ಸುದ್ದಿ ಮುಟ್ಟಿಸಿದ್ರು. ಪುರಾತತ್ವದವರು ಬಂದು ಪದ್ಧತಿ ಪ್ರಕಾರ ಅಗೆದಿದ್ರಿಂದ ಸುಮಾರು 15,000 ರೋಮನ್ ನಾಣ್ಯ, 200ರಷ್ಟು ಚಿನ್ನ ಬೆಳ್ಳಿ ವಸ್ತುಗಳ ಜೊತೆಗೆ ಅವನ್ನ ಪೆಟ್ಟಿಗೇಲಿ ಹೆಂಗೆ ಜೋಡಿಸಿದ್ರು ಅನ್ನೋದೂ ತಿಳೀತು. ಆ ಸುತ್ತಿಗೆನೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನಾನೂ ಒಂಟಿ ನಾಣ್ಯ ಸಿಕ್ಕಾಗ್ಲೂ ಜಿಪಿಎಸ್ ಗುರುತು, ಆಳ, ತಾರೀಖು ಬರೆದ ಕವರಿನಲ್ಲೇ ಹಾಕಿಡ್ತೀನಿ. ಒಂದೇ ಗುಂಡಿಲಿ ಹಳೇ ನಾಣ್ಯ ಎರಡು ಮೂರು ಒಟ್ಟಿಗೆ ಬಂದ್ರೆ ಅಗೆಯೋದು ಅಲ್ಲಿಗೇ ನಿಲ್ಲಿಸಿ, ಫೋಟೋ ತೆಗೆದು, ಮಣ್ಣು ಮುಚ್ಚಿ, ಸಂಬಂಧಪಟ್ಟವರಿಗೆ ತಿಳಿಸಿ, ಅವರು ಬಂದು ನೋಡೋವರೆಗೂ ಜಾಗ ಎಲ್ಲಿ ಅಂತ ಮಾಲೀಕರನ್ನ ಬಿಟ್ಟು ಇನ್ಯಾರಿಗೂ ಹೇಳ್ಬೇಡಿ.